ಮಗಳು ‘ಡೇಟಾ ಹಾಸ್ಟೆಲ್’ ಸೇರ್ತೀನಿ ಅಂದ್ರೆ...

ಪಿಯುಸಿ ಮುಗಿಸಿದ ಮಗಳಿಗೆ ಅಮೆರಿಕದ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ಈಗ ಅವಳದೊಂದು ಹೊಸ ವರಾತ. ‘ಅಮ್ಮಾ, ನಾನು ಡೇಟಾ ಸೈನ್ಸ್ ಲರ್ನಿಂಗ್ ಕಮ್ಯುನಿಟಿ ಸೇರ್ತೀನಿ. ಅಲ್ಲಿನ ಹಾಸ್ಟೆಲ್ಲಲ್ಲೇ ಇರ್ತೀನಿ’. ನಿಮ್ಮ ಲೆಕ್ಕಾಚಾರವೇ ಬೇರೆ. ನಾಲ್ಕು ಬೆಂಗಳೂರು ಹುಡುಗೀರ ಜೊತೆ ಅಪಾರ್ಟ್‌ಮೆಂಟಿನಲ್ಲಿದ್ದರೆ ಅನ್ನ-ಸಾರಿಗಾದರೂ ತೊಂದರೆ ಇರೋಲ್ಲ, ಅಲ್ವೇ?

ನನ್ನನ್ನು ಕೇಳಿದರೆ, ಮೊದಲ ವರ್ಷದ ಮಟ್ಟಿಗೆ ಮಗಳ ಮಾತೇ ಸರಿ.

ಏನಿದು ಕಮ್ಯುನಿಟಿ ಅಂತೀರಾ? ಒಂದೇ ವಿಷಯ ಕಲಿಯುವವರನ್ನು ಒಂದೇ ಹಾಸ್ಟೆಲ್ಲಲ್ಲಿ ಇರಿಸೋದು, ಅಷ್ಟೇ. ಹೊಸದೇನೂ ಅಲ್ಲ. 1927ರಲ್ಲೇ ವಿಸ್ಕಾನ್ಸಿನ್ ಯೂನಿವರ್ಸಿಟಿಯಲ್ಲಿ ಅಲೆಗ್ಸಾಂಡರ್ ಮೈಕಲ್‌ಜಾನ್ ಎಂಬುವರು ಇಂಥ ಪ್ರಯೋಗ ಮಾಡಿದ್ದರು. ಐದೇ ವರ್ಷಕ್ಕೆ ಮುಚ್ಚಿತು. ಅಂದಹಾಗೆ, ಅಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವೇ ಇರಲಿಲ್ಲ!

ಈಗಿನ ಒಳ್ಳೆಯ ಉದಾಹರಣೆ ಬೇಕೆಂದರೆ ಇಂಡಿಯಾನಾ ರಾಜ್ಯದ ಪರ್ಡ್ಯೂ ಯೂನಿವರ್ಸಿಟಿಯ ‘ದಿ ಡೇಟಾ ಮೈನ್’ ನೋಡಿ. ಸಂಖ್ಯಾಶಾಸ್ತ್ರದ ಪ್ರೊಫೆಸರ್ ಮಾರ್ಕ್ ಡೇನಿಯಲ್ ವಾರ್ಡ್ ಮುಂದಾಳತ್ವದಲ್ಲಿ 2018ರಲ್ಲಿ ಶುರುವಾಯಿತು. ರಾಶಿಗಟ್ಟಲೆ ಅಂಕಿ-ಅಂಶಗಳಿಂದ ಉಪಯೋಗಕ್ಕೆ ಬರೋ ಉತ್ತರ ಹುಡುಕೋ ವಿದ್ಯೆ ಇದು. ಕಂಪ್ಯೂಟರ್ ಓದುವವರೇ ಆಗಬೇಕಿಲ್ಲ. ಕೃಷಿ, ಫಾರ್ಮಸಿ, ಕಲಾ ವಿಭಾಗದವರೂ ಸೇರಬಹುದು. ಪ್ರೋಗ್ರಾಮಿಂಗ್ ಮೊದಲೇ ಗೊತ್ತಿರಬೇಕೆಂದೂ ಇಲ್ಲ. ಪೈಥಾನ್, ಆರ್ ಮುಂತಾದವನ್ನು ಒಂದು ಕ್ರೆಡಿಟ್ಟಿನ ಸೆಮಿನಾರಿನಲ್ಲಿ ಕಲಿಸುತ್ತಾರೆ. ಮುಂದೆ ಬೇಕೆಂದರೆ ಕಂಪೆನಿಗಳು ಕೊಡುವ ನಿಜವಾದ ಸಮಸ್ಯೆ ಹಿಡಿದು ತಂಡವಾಗಿ ವರ್ಷವಿಡೀ ಸಂಶೋಧನೆ ಮಾಡಬಹುದು.

ಆದರೆ ನಾನು ‘ಹೂಂ ಅನ್ನಿ’ ಎನ್ನೋದು ಇದಕ್ಕಲ್ಲ. ದೊಡ್ಡ ಯೂನಿವರ್ಸಿಟಿಯ ಮೊದಲ ವರ್ಷದ ಎಷ್ಟೋ ಕ್ಲಾಸುಗಳಲ್ಲಿ ನೂರಾರು ಜನ. ಪಾಠ ಮಾಡುವವರಿಗೆ ಮಗಳ ಹೆಸರೂ ಗೊತ್ತಿರೋಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಹದಿನೆಂಟರ ಹುಡುಗಿ ಫೋನಿನಲ್ಲಿ ‘ಚೆನ್ನಾಗಿದೀನಮ್ಮಾ’ ಅಂತಲೇ ಹೇಳ್ತಾಳೆ. ಆಗ ಬೇಕಾಗೋದು, ಕೊಟ್ಟ ಲೆಕ್ಕ ಬಿಡಿಸಲಾಗದೆ ಕೂತಿದ್ದರೆ ‘ನಂದೂ ಆಗಿಲ್ಲ, ಬಾ’ ಅನ್ನೋ ಪಕ್ಕದ ರೂಮಿನವಳು. ನಮ್ಮವರ ಅಪಾರ್ಟ್‌ಮೆಂಟಿನಲ್ಲಿ ಬಿಸಿ ಅನ್ನ ಸಿಗುತ್ತೆ, ಖಂಡಿತ. ಆದರೆ ಒಬ್ಬಳು ಕೆಮಿಸ್ಟ್ರಿ, ಇನ್ನೊಬ್ಬಳು ಬಿಸಿನೆಸ್, ನಿಮ್ಮವಳು ಮತ್ತೊಂದು. ಬಾಗಿಲು ಹಾಕಿಕೊಂಡರೆ ಅದೊಂದು ಪುಟ್ಟ ಜಯನಗರ! ಅಷ್ಟು ಖರ್ಚು ಮಾಡಿ ಕಳಿಸೋದು ಇದಕ್ಕಾ?

ಊಟದ ಚಿಂತೆ ನಿಜ. ಹಾಸ್ಟೆಲ್ ರೂಮುಗಳಲ್ಲಿ ಸಾಮಾನ್ಯವಾಗಿ ಕುಕ್ಕರ್ ಇಡೋಕೆ ಬಿಡೋಲ್ಲ. ಸಸ್ಯಾಹಾರ ಸಿಗುತ್ತೆ, ಹುಳಿ ಸಿಗೋಲ್ಲ. ಹುಡುಗರೂ ಅದೇ ಕಟ್ಟಡದಲ್ಲಿ ಇರಬಹುದು. ರೂಮು, ಬಾತ್‌ರೂಮಿನ ವ್ಯವಸ್ಥೆ ಹೇಗಂತ ಸಂಕೋಚವಿಲ್ಲದೆ ಕೇಳಿಸಿ.

ನಿಜವಾದ ತೊಡಕು ದುಡ್ಡಿನದು. ಊಟವೂ ಸೇರಿದ ಹಾಸ್ಟೆಲ್ ಫೀಸು, ನಾಲ್ವರು ಹಂಚಿಕೊಳ್ಳೋ ಬಾಡಿಗೆಗಿಂತ ಜಾಸ್ತಿ ಆಗಬಹುದು. ಸಾಲ ಮಾಡಿ ಕಳಿಸುವವರಿಗೆ ಇದು ಸಣ್ಣ ಮಾತಲ್ಲ. ಇಡೀ ವರ್ಷದ ಎರಡೂ ಲೆಕ್ಕ ಪಕ್ಕಪಕ್ಕ ಬರೆದು ನೋಡಿ. ಕಂಪೆನಿ ಪ್ರಾಜೆಕ್ಟಿನಿಂದ ಸಂಬಳ ಬರುತ್ತೆ ಅಂತ ಮಾತ್ರ ಲೆಕ್ಕಕ್ಕೆ ಸೇರಿಸಬೇಡಿ, ಅದು ಓದಿನ ಭಾಗ. ಸ್ಟೂಡೆಂಟ್ ವೀಸಾದಲ್ಲಿ ಕ್ಲಾಸು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತೆಯೂ ಇಲ್ಲ.

ಇನ್ನೊಂದು ವಿಷಯ. ಈ ಆಸೆ ಮಗಳದಾ, ‘ಡೇಟಾ ಸೈನ್ಸ್ ಆದ್ರೆ ಕೆಲಸ ಗ್ಯಾರಂಟಿ’ ಎನ್ನುವ ಅವರಪ್ಪನದಾ? ಅಪ್ಪನದಾದರೆ ಬೇಡ. ತನ್ನ ಓದಿನ ಜೊತೆಗೆ ವಾರವಾರವೂ ಪ್ರಾಜೆಕ್ಟ್ ಒಪ್ಪಿಸಬೇಕಾದವಳು ಅವಳು.

ಅಡ್ಮಿಷನ್ ಆದ ಮಾತ್ರಕ್ಕೆ ಇಲ್ಲಿ ಜಾಗ ಸಿಕ್ಕಿತು ಅಂತಲ್ಲ, ಅರ್ಜಿ ಬೇರೆಯೇ ಹಾಕಬೇಕು. ಇವತ್ತು ರಾತ್ರಿ ಊಟವಾದ ಮೇಲೆ ಕೊನೇ ತಾರೀಖು ಯಾವತ್ತು, ಹಾಸ್ಟೆಲ್ ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ಹೋಗುತ್ತೆ, ಅವಳ ಕೈಲೇ ಓದಿಸಿ ಕೇಳಿ.