ಹಾಲುಂಡ ಮೇಲೂ ಅಳುವ ಕೂಸು

ನಾಮಕರಣಕ್ಕೆಂದು ಕರೆದ ಮನೆಗಳಲ್ಲಿ ತೊಟ್ಟಿಲ ಕಾರ್ಯ ಮುಗಿದು ಪ್ರಸಾದಕ್ಕೆ ಕುಳಿತಾಗ, ಮನೆಯ ಹಿರಿಯ ತಾಯಿಯೊಬ್ಬರು ಮೆಲ್ಲನೆ ಹತ್ತಿರ ಬಂದು ಹೇಳುವ ಮಾತೊಂದುಂಟು: "ಶಾಸ್ತ್ರಿಗಳೆ, ಕೂಸು ಹಾಲು ಕುಡಿದ ಕೂಡಲೆ ಚೀರಾಡತದರಿ. ಬಾಣಂತಿಗೆ ಹಾಲು ಸಾಲೂದಿಲ್ಲ ಅಂತ ಕಾಣತದ. ಒಂದಿಷ್ಟು ವಿಭೂತಿ ಮಂತ್ರಿಸಿ ಕೊಡ್ರಿ."

ವಿಭೂತಿ ಕೊಡುವುದಕ್ಕೆ ನನ್ನ ಅಡ್ಡಿಯೇನಿಲ್ಲ. ಆದರೆ ಆ ಮಾತಿನ ನಡುವೆ ಸಲೀಸಾಗಿ ಸೇರಿಕೊಂಡ 'ಹಾಲು ಸಾಲದು' ಎಂಬ ತೀರ್ಪು ಕೂಸಿನ ಅಳುವಿಗಿಂತ ಹೆಚ್ಚು ಚಿಂತೆಗೆ ಕಾರಣವಾದುದು. ಬಾಗಿಲ ಮರೆಯಲ್ಲಿರುವ ಬಾಣಂತಿ ಅದನ್ನು ಕೇಳಿಸಿಕೊಂಡಿರುತ್ತಾಳೆ. ಎರಡೇ ದಿನಗಳಲ್ಲಿ ಪುಡಿಹಾಲಿನ ಡಬ್ಬಿ, ಅದರ ಬೆನ್ನಿಗೆ ಬಾಟಲಿ ಮನೆ ಸೇರುತ್ತವೆ. ಎದೆಯಿಂದ ಎಷ್ಟು ಹಾಲು ಬರಿದಾಗುವುದೋ ಅದಕ್ಕೆ ತಕ್ಕಂತೆ ಮತ್ತೆ ಹಾಲು ಉತ್ಪತ್ತಿಯಾಗುವುದು ನಿಸರ್ಗದ ನಿಯಮ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಕಡಿಮೆ ಚೀಪುತ್ತದೆ. ಚೀಪುವುದು ಕಡಿಮೆಯಾದಂತೆ ಹಾಲೂ ಇಳಿಮುಖವಾಗುತ್ತದೆ. ಮೊದಲು ಸುಳ್ಳಾಗಿದ್ದ ತೀರ್ಪು ಕ್ರಮೇಣ ನಿಜವಾಗಿಬಿಡುತ್ತದೆ.

ಹಾಲಿನ ಪ್ರಮಾಣವನ್ನು ಅಳುವಿನಿಂದ ಅಳೆಯತಕ್ಕದ್ದಲ್ಲ. ಹುಟ್ಟಿ ಐದಾರು ದಿನಗಳಾದ ಮೇಲೆ ಕೂಸು ಹಗಲಿರುಳು ಸೇರಿ ಆರು ಸಲವಾದರೂ ಬಟ್ಟೆ ಒದ್ದೆ ಮಾಡುತ್ತಿದ್ದರೆ, ಎರಡು ವಾರಗಳ ಸುಮಾರಿಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಅಲ್ಲಿಂದ ಮುಂದೆ ಏರುತ್ತಿದ್ದರೆ, ಹಾಲು ಸಾಕಾಗುತ್ತಿದೆಯೆಂದೇ ತಿಳಿಯಬೇಕು. ತೂಕ ನೋಡಲು ಅಂಗನವಾಡಿಯಲ್ಲಿ ತಕ್ಕಡಿಯಿದೆ, ಊಹಾಪೋಹಗಳ ಅಗತ್ಯವಿಲ್ಲ.

ಹಾಗಾದರೆ ಉಂಡ ಕೂಸು ಅಳುವುದೇಕೆ? ನಮ್ಮ ಪ್ರಾಚೀನರೂ ಈ ಪ್ರಶ್ನೆಯನ್ನು ಬಿಟ್ಟವರಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ಶಿಶುಪಾಲನೆಗೆ ಕೌಮಾರಭೃತ್ಯವೆಂಬ ಒಂದು ಅಂಗವೇ ಮೀಸಲಾಗಿದೆ. ನೇಪಾಳದಲ್ಲಿ ದೊರೆತ ತಾಳೆಗರಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪ ಸಂಹಿತೆಯಲ್ಲಿ ವೇದನಾಧ್ಯಾಯವೆಂಬ ಅಧ್ಯಾಯವಿದೆ. ಮಾತುಬಾರದ ಶಿಶುವಿನ ನೋವು ಎಲ್ಲಿಯದೆಂಬುದನ್ನು ಅದರ ಅಳು, ಅಂಗಚೇಷ್ಟೆಗಳಿಂದ ಅರಿಯುವ ಬಗೆಯೇ ಅದರ ವಿಷಯ. ಔಷಧಕ್ಕೆ ಮೊದಲು ನೋಟ ಬೇಕೆಂಬ ಆ ಕ್ರಮ ನನಗೆ ಬಹಳ ಹಿಡಿಸಿದೆ.

ಹಾಗೆ ನೋಡಿದರೆ, ಕೆಲವು ಕೂಸುಗಳು ಹಾಲಿನೊಡನೆ ಗಾಳಿಯನ್ನೂ ನುಂಗಿರುತ್ತವೆ. ಕೆಲವಕ್ಕೆ ಕುಡಿದ ಹಾಲು ಗಂಟಲಿಗೆ ಮರಳಿ ಬರುತ್ತದೆ. ಕೆಲವು ನಿದ್ದೆಗೆಟ್ಟು ಅಳುತ್ತವೆ. ಯಾವ ಕಾರಣವೂ ಕಾಣದ ಅಳುವೂ ಉಂಟು. ಎರಡು ಮೂರು ವಾರಗಳ ವಯಸ್ಸಿಗೆ ಆರಂಭವಾಗುವ ಈ ಅಳು ಆರನೆಯ ವಾರದ ಸುಮಾರಿಗೆ ಶಿಖರಕ್ಕೇರಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಸಂಜೆಯ ವೇಳೆ ಇದು ಹೆಚ್ಚು. ದೀಪ ಹಚ್ಚುವ ಹೊತ್ತಿನಲ್ಲಿ ದೃಷ್ಟಿ ತಗುಲಿತೆಂಬ ಮಾತು ಹುಟ್ಟಿದ್ದು ಬಹುಶಃ ಹೀಗೆಯೇ.

ಹಾಲು ಕುಡಿಸಿದ ಮೇಲೆ ಕೂಸನ್ನು ಹೆಗಲಿಗೆ ನೆಟ್ಟಗೆ ಹಾಕಿಕೊಂಡು ಬೆನ್ನು ಸವರುವುದು ಹಳೆಯ ರೂಢಿ. ನೆಟ್ಟಗೆ ಎತ್ತಿಕೊಂಡರೆ ಅನೇಕ ಕೂಸುಗಳು ಸಮಾಧಾನಗೊಳ್ಳುತ್ತವೆ. ಆದರೆ ತೇಗು ಬರಲೇಬೇಕೆಂದು ಬೆನ್ನು ತಟ್ಟುತ್ತ ಗಂಟೆಗಟ್ಟಲೆ ಪೀಡಿಸಬೇಕಾಗಿಲ್ಲ. ಚಂಡೀಗಢದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತೇಗು ಬರಿಸಿದ್ದರಿಂದ ಇಂಥ ಅಳುವೇನೂ ಕಡಿಮೆಯಾಗಲಿಲ್ಲ. ಹಾಲು ಕಕ್ಕುವುದು ಮಾತ್ರ ಹೆಚ್ಚಿತು. ಕೆಲವು ನಿಮಿಷ ನೋಡಿ, ಬಾರದಿದ್ದರೆ ಬಿಡುವುದೇ ಲೇಸು.

ಇದಕ್ಕಿಂತ ಉಪಯುಕ್ತವಾದ ಸಂಗತಿಯೊಂದನ್ನು 2022ರಲ್ಲಿ ಜಪಾನಿನ ಸಂಶೋಧಕರು ತಿಳಿಸಿದರು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆಯಬೇಕು. ನಿದ್ದೆ ಹತ್ತಿದ ಮೇಲೆ ಒಡನೆಯೇ ಮಲಗಿಸದೆ, ಐದರಿಂದ ಎಂಟು ನಿಮಿಷ ಮಡಿಲಲ್ಲೇ ಇಟ್ಟುಕೊಂಡು ಕುಳಿತು, ಆಮೇಲೆ ಕೆಳಗಿಡಬೇಕು. ಅವರು ಪರೀಕ್ಷಿಸಿದ್ದು ಇಪ್ಪತ್ತೊಂದೇ ಶಿಶುಗಳನ್ನು. ಆದರೂ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಾಡಿ ಜೋಗುಳ ಹಾಡುತ್ತಿದ್ದ ನಮ್ಮ ಅಜ್ಜಿಯಂದಿರು ಇದನ್ನು ಕೇಳಿ ನಕ್ಕಾರು. ಮಲಗಿಸುವಾಗ ಅಂಗಾತ ಮಲಗಿಸಬೇಕು, ಬೋರಲಾಗಿ ಕೂಡದು.

ಇನ್ನು ಬಾಯಿಗೆ ಹಾಕುವ ಪದಾರ್ಥಗಳ ಮಾತು. ಆರು ತಿಂಗಳು ತುಂಬುವವರೆಗೆ ಎದೆಹಾಲಿನ ಹೊರತು ನೀರೂ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಸಲಹೆ. ಬೇರು ತೇಯ್ದು ನೆಕ್ಕಿಸುವುದು, ಸಕ್ಕರೆ ನೀರು, ಗ್ರೈಪ್ ವಾಟರ್ ಎಲ್ಲಕ್ಕೂ ಇದೇ ಉತ್ತರ. ಜೇನುತುಪ್ಪವನ್ನಂತೂ ವರ್ಷ ತುಂಬುವ ಮೊದಲು ನೆಕ್ಕಿಸಲೇಬಾರದು; ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನಿಂದ ಎಳೆಯ ಕೂಸಿನ ಸ್ನಾಯುಗಳು ನಿಶ್ಶಕ್ತವಾಗುವ ಅಪಾಯವಿದೆ.

ಹಾಗೆಂದು ಎಲ್ಲ ಅಳುವನ್ನೂ ವಯೋಸಹಜವೆಂದು ತಳ್ಳಿಹಾಕಬೇಡಿ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದ ಜ್ವರ ಬಂದರೆ, ವಾಂತಿ ಹಸಿರಾಗಿದ್ದರೆ, ಪ್ರತಿ ಸಲ ಕುಡಿದ ಹಾಲು ದೂರಕ್ಕೆ ಚಿಮ್ಮಿದರೆ, ಮಲದಲ್ಲಿ ರಕ್ತ ಕಂಡರೆ, ಹಾಲು ಬಿಟ್ಟು ಮಂಕಾಗಿ ಬಿದ್ದರೆ ವಿಭೂತಿ ಹಚ್ಚಿಕೊಂಡೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲೆಂದು ಕಾಯಬೇಡಿ.

ಉಳಿದದ್ದು ಬಾಣಂತಿಯ ವಿಚಾರ. ಇರುಳಿಡೀ ಅಳು ಕೇಳಿದ ಜೀವಕ್ಕೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಕೂಸನ್ನು ಜೋರಾಗಿ ಅಲುಗಿಸಿದರೆ ಅದರ ಎಳೆಯ ಮಿದುಳಿಗೆ ಪೆಟ್ಟಾಗಿ ಪ್ರಾಣಕ್ಕೇ ಸಂಚಕಾರ ಬಂದೀತು. ತಾಳ್ಮೆ ತಪ್ಪುತ್ತಿದೆಯೆನಿಸಿದಾಗ ಕೂಸನ್ನು ಸುರಕ್ಷಿತವಾಗಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ನಿಲ್ಲುವುದು ತಾಯ್ತನಕ್ಕೆ ಕುಂದಲ್ಲ. ಅವಳ ಕಣ್ಣೀರು ಎರಡು ವಾರ ದಾಟಿಯೂ ನಿಲ್ಲದಿದ್ದರೆ ಅವಳನ್ನೂ ವೈದ್ಯರಿಗೆ ತೋರಿಸಬೇಕು. ನಮ್ಮ ಮನೆಗಳಲ್ಲಿ ಗಂಡಸರು ಬಾಣಂತಿಕೋಣೆಯ ಹೊಸ್ತಿಲಾಚೆಯೇ ನಿಲ್ಲುವ ವಾಡಿಕೆಯಿದೆ. ಹಾಲು ಕುಡಿಸುವುದಷ್ಟೇ ಅವರಿಂದಾಗದು. ನಡುರಾತ್ರಿ ಹಾಲಾದ ಮೇಲೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಡೆಯಲು ತಂದೆಯಾದರೂ ಸರಿ, ಅಜ್ಜನಾದರೂ ಸರಿ. ಆ ಅರ್ಧ ಗಂಟೆ ಬಾಣಂತಿ ಮಲಗಲಿ.