ಹುಸಿ ಅಕ್ಷರದ ಮದ್ದು

ಹಾನಗಲ್ಲಿನ ತಾರಕೇಶ್ವರ, ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಸೋಮೇಶ್ವರ ಮೊದಲಾದ ಗುಡಿಗಳ ಶಾಸನಗಳನ್ನು ಓದಿದವರು ಬಲ್ಲರು: ಕಂಡರಿಸುವವನ ಕೈತಪ್ಪಿ ಒಂದು ಅಕ್ಷರ ಹುಸಿಯಾದರೆ ಇಡಿಯ ಸಾಲಿನ ಅರ್ಥವೇ ಕೆಡುತ್ತದೆ. ಬರವಣಿಗೆಯಲ್ಲಿ ಇದು ದೋಷ. ವೈದ್ಯದಲ್ಲಿ ಇದೇ ಮದ್ದಾಗಿದೆಯೆಂದರೆ ವಾಚಕರು ನಂಬುವರೆ?

ಪ್ರತಿಯೊಂದು ಜೀವಕೋಶವೂ ಇಬ್ಭಾಗವಾಗುವ ಮುನ್ನ, ನಾಲ್ಕೇ ಅಕ್ಷರಗಳಲ್ಲಿ ಬರೆದ ತನ್ನ ವಂಶಲಿಪಿಯನ್ನು, ಎಂದರೆ ಡಿ.ಎನ್.ಎ.ಯನ್ನು, ನಕಲು ಮಾಡಿಕೊಳ್ಳಬೇಕು. ವೈರಸ್ಸು ಹಬ್ಬುವುದೂ ನಕಲಿನಿಂದ. ಕ್ಯಾನ್ಸರು ಬೆಳೆಯುವುದೂ ನಕಲಿನಿಂದ. ೧೯೮೦ರ ದಶಕದ ಆರಂಭದಲ್ಲಿ ಅಮೆರಿಕದ ಈಲೈ ಲಿಲಿ ಸಂಸ್ಥೆಯ ರಸಾಯನಜ್ಞ ಲ್ಯಾರಿ ಹರ್ಟೆಲ್, ವೈರಸ್ಸನ್ನು ಅಡಗಿಸಲೆಂದು ಆ ಅಕ್ಷರಗಳಲ್ಲೊಂದನ್ನು ತಿದ್ದಿದರು. ಎರಡು ಜಲಜನಕ ಪರಮಾಣುಗಳಿದ್ದಲ್ಲಿ ಎರಡು ಫ್ಲೋರಿನ್ ಪರಮಾಣುಗಳನ್ನಿಟ್ಟರು. ಪರೀಕ್ಷಿಸಿದಾಗ ಅದು ರಕ್ತದ ಕ್ಯಾನ್ಸರಿನ ಕೋಶಗಳನ್ನು ಕೊಂದಿತು! ಅದೇ ಜೆಮ್‌ಸಿಟಬೀನ್. ಈ ಹುಸಿ ಅಕ್ಷರ ಸಾಲಿನೊಳಗೆ ನುಸುಳಿದ ಮೇಲೆ ಇನ್ನೊಂದು ಅಕ್ಷರ ಮಾತ್ರ ಕೂಡುತ್ತದೆ. ಅಲ್ಲಿಗೆ ನಕಲು ನಿಲ್ಲುತ್ತದೆ. ತುದಿಯಲ್ಲಿರುವುದು ಸಾಚಾ ಅಕ್ಷರವಾದುದರಿಂದ, ತಪ್ಪು ತಿದ್ದುವ ಕಿಣ್ವಕ್ಕೆ ಅದರ ಮರೆಯಲ್ಲಿರುವ ಕಳ್ಳ ಸುಲಭವಾಗಿ ಸಿಕ್ಕುವುದಿಲ್ಲ.

ಅಂಡಾಶಯದ ಕ್ಯಾನ್ಸರು ಚಿಕಿತ್ಸೆ ಮುಗಿದು ಆರು ತಿಂಗಳಾದರೂ ಕಳೆದ ಮೇಲೆ ಮರುಕಳಿಸಿದ ೩೫೬ ಸ್ತ್ರೀಯರಲ್ಲಿ ಈ ಮದ್ದನ್ನು ಒರೆಗೆ ಹಚ್ಚಲಾಯಿತು. ಕಾರ್ಬೊಪ್ಲಾಟಿನ್ ಒಂದನ್ನೇ ಪಡೆದವರಲ್ಲಿ ರೋಗ ಮುಂದುವರಿಯದೆ ನಿಂತ ಕಾಲದ ಮಧ್ಯಾಂಕ ೫.೮ ತಿಂಗಳು; ಜೆಮ್‌ಸಿಟಬೀನನ್ನೂ ಕೂಡಿಸಿದಾಗ ೮.೬ ತಿಂಗಳು. ೨೦೦೬ರಲ್ಲಿ ಅಮೆರಿಕ ಸರಕಾರದ ಔಷಧ ನಿಯಂತ್ರಕರು ಒಪ್ಪಿಗೆಯಿತ್ತರು. ಆದರೆ ಒಟ್ಟು ಆಯುಷ್ಯದಲ್ಲಿ ಗಣನೀಯ ಅಂತರ ಕಾಣಲಿಲ್ಲ. ರಕ್ತಕಣಗಳ ಕೊರತೆಯೂ ಹೆಚ್ಚಿತು. ಅಸ್ಥಿಮಜ್ಜೆಯ ನಿರ್ದೋಷಿ ಕೋಶಗಳೂ ನಕಲು ಮಾಡುತ್ತಲೇ ಇರುತ್ತವಲ್ಲವೆ?

ಮೂರು ತಿಂಗಳಿಗೆ ತುಸು ಕಡಿಮೆಯಾದ ಈ ಬಿಡುವು ಅಲ್ಪವೆನ್ನಬಹುದೆ? ನಮ್ಮ ಹೊಲಗಳಲ್ಲಿ ಬಿತ್ತಿದ ಗೋವಿನಜೋಳ ತೆನೆಗಟ್ಟುವಷ್ಟು ಕಾಲವದು. ತಾಯಿಯಾದವಳಿಗೆ ಅದರ ಬೆಲೆ ತಿಳಿದೀತು. ಆದರೆ ಇದಕ್ಕಿಂತ ದೊಡ್ಡ ಲಾಭ ರೋಗದ ಆರಂಭದಲ್ಲಿದೆ. ಈ ಬೇನೆ ಹೊಟ್ಟೆಯೊಳಗೆ ಅಡಗಿ ಬೆಳೆಯುತ್ತದೆ. ಹೊಟ್ಟೆಯುಬ್ಬರ, ನಾಲ್ಕು ತುತ್ತಿಗೇ ಸಾಕೆನಿಸುವುದು, ಕೆಳಹೊಟ್ಟೆಯ ನೋವು, ಮೇಲಿಂದ ಮೇಲೆ ಮೂತ್ರಕ್ಕೆ ಅವಸರ — ಇವು ಹೊಸದಾಗಿ ತೋರಿ ವಾರಗಟ್ಟಲೆ ಬಿಡದೆ ಕಾಡಿದರೆ, ವಾಯುವೆಂದು ಓಮದ ನೀರು ಕುಡಿದು ಸುಮ್ಮನಿರುವುದು ತರವಲ್ಲ. ಪ್ರತಿಸಲವೂ ಅದು ಕ್ಯಾನ್ಸರೇ ಆಗಿರದು. ಆದರೂ ವೈದ್ಯರು ನೋಡಿಯೇ ಹೇಳಬೇಕು. ಸವಣೂರು, ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ದೂರವೇನಲ್ಲ. ಅಲ್ಲಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯೇ ಇದೆ. ದೂರವಿರುವುದು ಮನೆಯ ಹೆಣ್ಣುಮಗಳು ತನ್ನ ನೋವನ್ನು ಬಾಯಿಬಿಟ್ಟು ಹೇಳುವ ದಿನ. ಹೇಳಿದಾಗ ಮನೆಯವರು ಕಿವಿಗೊಡಲಿ.