ಮುದಿ ಬೆಕ್ಕು ರಾತ್ರಿ ಯಾಕೆ ಕೂಗುತ್ತದೆ?

ಮಕ್ಕಳೇ, ನಿಮ್ಮ ಮನೆಯಲ್ಲಿ ಹತ್ತು ಹನ್ನೆರಡು ವರ್ಷ ದಾಟಿದ ಬೆಕ್ಕು ಇದೆಯೇ? ಹಾಗಿದ್ದರೆ ಈ ವಾರದ ಪುಟವನ್ನು ಅಜ್ಜ ಅಜ್ಜಿಯ ಪಕ್ಕ ಕುಳಿತು ಓದಿ. ಮುಪ್ಪಿನ ಕಷ್ಟ ನಿಮಗಿಂತ ಅವರಿಗೆ ಬೇಗ ಅರ್ಥವಾಗುತ್ತದೆ.

ಹಗಲೆಲ್ಲ ಜಗಲಿಯ ಮೂಲೆಯಲ್ಲಿ ಮುದುಡಿ ಮಲಗುವ ಬೆಕ್ಕು, ರಾತ್ರಿ ದೀಪ ಆರಿಸಿದ ಮೇಲೆ ನಡುಮನೆಯಲ್ಲಿ ನಿಂತು ಉದ್ದಕ್ಕೆ ರಾಗ ಎಳೆದು ಕೂಗತೊಡಗುತ್ತದೆ. ಎದ್ದು ಹೋಗಿ ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. "ಬೆಕ್ಕು ಅತ್ತರೆ ಮನೆಗೆ ಕೇಡು" ಎಂದು ಯಾರೋ ಹೇಳುತ್ತಾರೆ. ಗೋಣಿಚೀಲಕ್ಕೆ ಹಾಕಿ ಮೀನು ಮಾರುಕಟ್ಟೆಯ ಹತ್ತಿರ ಬಿಟ್ಟುಬರುವ ಮಾತು ಶುರುವಾಗುತ್ತದೆ. ಹಲ್ಲು ಸವೆದ, ಕಣ್ಣು ಮಂಜಾದ ಬೆಕ್ಕು ಅಲ್ಲಿ ಎಷ್ಟು ದಿನ ಬದುಕೀತು? ಆ ಮಾತಿಗೆ ಮೊದಲು ಕೂಗಿನ ಕಾರಣ ಹುಡುಕೋಣ.

ಹದಿನೈದು ವರ್ಷದ ಬೆಕ್ಕೆಂದರೆ ಹೆಚ್ಚುಕಡಿಮೆ 75 ವರ್ಷದ ಅಜ್ಜಿ ಇದ್ದಂತೆ. ಅದರ ಕಿವಿ ಮಂದವಾಗುತ್ತದೆ. ಕಿವಿ ಕೇಳಿಸದ ಅಜ್ಜ ಫೋನಿನಲ್ಲಿ ಜೋರಾಗಿ ಮಾತನಾಡುತ್ತಾರಲ್ಲ, ಹಾಗೆಯೇ ಬೆಕ್ಕಿಗೂ ತನ್ನ ದನಿ ತನಗೇ ಕೇಳದೆ ಕೂಗು ದೊಡ್ಡದಾಗುತ್ತದೆ. ಕಣ್ಣು ಮಂದವಾದರೆ ಕತ್ತಲಲ್ಲಿ ದಾರಿ ತಪ್ಪುತ್ತದೆ. ಕೀಲುನೋವಿದ್ದರೆ ಮಲಗಿದಲ್ಲಿ ಹೊರಳಲೂ ಕಷ್ಟ.

ಕೆಲವು ಕಾಯಿಲೆಗಳೂ ಹೀಗೆ ಕೂಗಿಸುತ್ತವೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಬೆಕ್ಕು ಚೆನ್ನಾಗಿ ತಿನ್ನುತ್ತಲೇ ಸೊರಗುತ್ತದೆ, ಒಂದೆಡೆ ನಿಲ್ಲುವುದಿಲ್ಲ. ಮೂತ್ರಪಿಂಡ ಸೋತರೆ ಪದೇ ಪದೇ ನೀರು ಕುಡಿಯುತ್ತದೆ. ಈ ಎರಡರ ಜೊತೆಗೂ ರಕ್ತದೊತ್ತಡ ಏರಬಹುದು. ಅದು ವಿಪರೀತವಾದರೆ ಕಣ್ಣು ಒಮ್ಮೆಲೇ ಕುರುಡಾಗುವುದುಂಟು. ಬೆಕ್ಕಿಗೂ ಬಿ.ಪಿ. ನೋಡುತ್ತಾರೆ ಗೊತ್ತೇ? ಪುಟ್ಟ ಪಟ್ಟಿಯನ್ನು ಅದರ ಕಾಲಿಗೋ ಬಾಲಕ್ಕೋ ಸುತ್ತಿ ಅಳೆಯುತ್ತಾರೆ!

ಇನ್ನೊಂದು ಕಾರಣ ಮರೆವು. ವಯಸ್ಸಾದ ಕೆಲವು ಮನುಷ್ಯರಂತೆ ಕೆಲವು ಬೆಕ್ಕುಗಳ ಮಿದುಳೂ ಸವೆಯುತ್ತದೆ. ಹಗಲು ರಾತ್ರಿಯ ಲೆಕ್ಕ ತಪ್ಪುತ್ತದೆ. ಗೋಡೆಯನ್ನೇ ದಿಟ್ಟಿಸಿ ನಿಲ್ಲುತ್ತದೆ, ಊಟ ಮಾಡಿದ್ದು ಮರೆತು ಮತ್ತೆ ಕೇಳುತ್ತದೆ. ಮನೆಯವರೆಲ್ಲ ಎಲ್ಲಿ ಹೋದರೆಂದು ತಿಳಿಯದೆ ಕರೆಯುತ್ತದೆ. ಬೆಳೆದ ಬೆಕ್ಕುಗಳು ತಮ್ಮತಮ್ಮಲ್ಲಿ 'ಮ್ಯಾಂವ್' ಎನ್ನುವುದು ಅಪರೂಪ. ಮರಿಯಾಗಿದ್ದಾಗ ತಾಯಿಯನ್ನು ಕರೆದ ಆ ದನಿಯನ್ನು ದೊಡ್ಡದಾದ ಮೇಲೆ ನಮ್ಮನ್ನು ಕರೆಯಲು ಬಳಸುತ್ತವೆ.

ಹಾಗಾದರೆ ನಾವೇನು ಮಾಡಬಹುದು? ನಡುಮನೆಯಲ್ಲಿ ರಾತ್ರಿಯಿಡೀ ಒಂದು ಜೀರೋ ಬಲ್ಬ್ ಉರಿಯಲಿ. ಹಾಸಿಗೆ, ನೀರಿನ ಬಟ್ಟಲು, ಮರಳಿನ ತಟ್ಟೆ ದಿನವೂ ಅದದೇ ಜಾಗದಲ್ಲಿರಲಿ. ಅಟ್ಟ ಹತ್ತಲಾರದ ಬೆಕ್ಕಿಗೆ ಹಳೆಯ ಸೀರೆ ಮಡಿಸಿ ನೆಲದಲ್ಲೇ ಬೆಚ್ಚಗೆ ಹಾಸಿ. ಸಂಜೆ ಸ್ವಲ್ಪ ಹೊತ್ತು ದಾರ ಆಡಿಸಿ, ನೀವು ಮಲಗುವ ಮುನ್ನ ಊಟ ಕೊಡಿ. ಕೂಗಿದಾಗ ಬೈಯಬೇಡಿ, ನೀರು ಎರಚಬೇಡಿ. ಹೆದರಿದ ಪ್ರಾಣಿ ಇನ್ನಷ್ಟು ಹೆದರುತ್ತದೆ.

ಅಜ್ಜ ಅಜ್ಜಿಯರಲ್ಲಿ ಒಂದು ಮಾತು: ನಿಮ್ಮ ಮಾತ್ರೆ ಡಬ್ಬಿಯಿಂದ ಅದಕ್ಕೆ ಏನನ್ನೂ ಕೊಡಬೇಡಿ. ನಮ್ಮ ಜ್ವರ ಇಳಿಸುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.

ಮಕ್ಕಳಿಗೊಂದು ಕೆಲಸ ಇದೆ. ಒಂದು ನೋಟ್‌ಬುಕ್ಕಿನಲ್ಲಿ ಏಳು ದಿನ ಬರೆದಿಡಿ: ಎಷ್ಟು ಗಂಟೆಗೆ ಕೂಗಿತು, ಎಷ್ಟು ಸಲ ನೀರು ಕುಡಿಯಿತು, ಊಟ ಮಾಡಿತೇ. ಅದು ನೋಡದಿರುವಾಗ ಹಿಂದಿನಿಂದ ಚಪ್ಪಾಳೆ ತಟ್ಟಿ. ಕಿವಿ ತಿರುಗಿತೇ ನೋಡಿ. ತೂಕ ಹೀಗೆ ನೋಡಿ: ಮೊದಲು ತೂಕದ ಯಂತ್ರದ ಮೇಲೆ ನೀವೊಬ್ಬರೇ ನಿಲ್ಲಿ, ಆಮೇಲೆ ಬೆಕ್ಕನ್ನು ಎತ್ತಿಕೊಂಡು ನಿಲ್ಲಿ. ಮೊದಲು 32 ಕಿಲೋ, ಆಮೇಲೆ 35.5 ಬಂದರೆ ಬೆಕ್ಕಿನ ತೂಕ ಮೂರೂವರೆ ಕಿಲೋ. ಹಿಂದೆ ಅದು ನಾಲ್ಕು ಕಿಲೋ ಇತ್ತೇ? ಅರ್ಧ ಕಿಲೋ ತಾನೇ ಎನ್ನಬೇಡಿ. ಅದರ ಮೈಯ ಎಂಟನೆಯ ಒಂದು ಭಾಗ ಕರಗಿದೆ. 32 ಕಿಲೋ ಇರುವ ನೀವು ನಾಲ್ಕು ಕಿಲೋ ಇಳಿದ ಹಾಗೆ!

ಆ ನೋಟ್‌ಬುಕ್ ಮತ್ತು ಬೆಕ್ಕು, ಎರಡನ್ನೂ ಪಶುವೈದ್ಯರ ಬಳಿಗೆ ಒಯ್ಯಿರಿ. ಥೈರಾಯ್ಡ್, ಬಿ.ಪಿ., ಕೀಲುನೋವಿಗೆಲ್ಲ ಬೆಕ್ಕಿಗೆಂದೇ ಅಳತೆ ಮಾಡಿ ಕೊಡುವ ಔಷಧವಿದೆ. ಮರೆವು ಪೂರ್ತಿ ವಾಸಿಯಾಗದು, ಆದರೆ ರಾತ್ರಿಗಳು ಹಗುರವಾಗುತ್ತವೆ. ಎರಡು ಸಂದರ್ಭಗಳಲ್ಲಿ ಮಾತ್ರ ಏಳು ದಿನ ಕಾಯಬೇಡಿ. ಬೆಳಕಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇದ್ದು ಗೋಡೆಗೆ ಹಾಯುತ್ತಿದ್ದರೆ, ಅಥವಾ ಮೂತ್ರಕ್ಕೆ ಕೂತು ಕೂತು ಎದ್ದರೂ ಹನಿ ಬಾರದೆ ಕೂಗುತ್ತಿದ್ದರೆ ಆಗಲೇ ಹೊರಡಿ.